ಕೆಂಪು ನಲ್ಲಿಯ ತಣ್ಣೀರು

ವಿಜ್ಞಾನ ಗೊತ್ತಿಲ್ಲದವನು ಸುಮ್ಮನಿರಬೇಕು ಎಂಬಷ್ಟು ಬುದ್ಧಿ ನನಗಿದೆ. ಆದರೆ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವರೇ ಮಾವನಾಗಿ ಸಿಕ್ಕರೆ ಸುಮ್ಮನಿರುವುದು ಕಷ್ಟ. ಹೆಣ್ಣು ನೋಡಲು ಹೋದ ದಿನ ಅವರು ನನ್ನ ಕೆಲಸ ಏನೆಂದು ಕೇಳಲಿಲ್ಲ; ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಎಷ್ಟು ಬಂದಿತ್ತೆಂದು ಕೇಳಿದರು. ಪಾಸಾಗಿದ್ದೆ ಎಂದೆ. ಅವರು ತಲೆಯಾಡಿಸಿ ಕಾಫಿ ಕುಡಿದರು. ಆ ತಲೆಯಾಟ ಹನ್ನೆರಡು ವರ್ಷ ನನ್ನನ್ನು ಕಾಡಿದೆ. ಈ ಜುಲೈಯಲ್ಲಿ ಅವರು ಉಡುಪಿಯಿಂದ ಕೊಲ್ಲಿ ದೇಶದ ಮಂಗಫ್‌ನ ನಮ್ಮ ಫ್ಲ್ಯಾಟಿಗೆ ಬಂದಾಗ, ಅವರ ಕಣ್ಣಲ್ಲಿ ಸ್ವಲ್ಪವಾದರೂ ಮೇಲೇರಲೇಬೇಕೆಂದು ನಿಶ್ಚಯಿಸಿದ್ದೆ.

ನನ್ನ ಬ್ರಹ್ಮಾಸ್ತ್ರ ಬಚ್ಚಲಿನಲ್ಲಿತ್ತು. ಇಲ್ಲಿ ಬೇಸಿಗೆಯಲ್ಲಿ ತಾರಸಿಯ ಟ್ಯಾಂಕು ಎಷ್ಟು ಕಾಯುತ್ತದೆಂದರೆ, ತಣ್ಣೀರಿನ ನೀಲಿ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ. ಅದಕ್ಕೇ ನಾವು ಗೀಸರನ್ನು ಆರಿಸಿಬಿಡುತ್ತೇವೆ. ಅದರೊಳಗೆ ನಿಂತ ನೀರು ಮನೆಯ ಎಸಿ ತಂಪಿಗೆ ಆರಿ, ಬಿಸಿನೀರಿನ ಕೆಂಪು ನಲ್ಲಿಯಲ್ಲಿ ತಣ್ಣಗೆ ಬರುತ್ತದೆ. ಊರಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಅವರು ಬಂದ ಮರುದಿನ ಬೆಳಿಗ್ಗೆ ಮಾವ ಹೆಗಲ ಮೇಲೆ ಬೈರಾಸು ಹಾಕಿಕೊಂಡು ಬಂದರು. ಅವರಿಗೆ ಲೈಟು ಹಾಕಿಕೊಡೋಣವೆಂದು ನಾನು ಸ್ವಿಚ್‌ಬೋರ್ಡಿನ ಮೇಲೆ ಅಂಗೈ ಒತ್ತಿ, ಬಾಗಿಲಲ್ಲೇ ಅವರನ್ನು ತಡೆದು ಪಾಠ ಶುರು ಮಾಡಿದೆ. ಸೂರ್ಯನ ಬೆಳಕು ಟ್ಯಾಂಕಿಗೆ ಬಿದ್ದು ಶಾಖವಾಗುವುದು, ಯಾವುದೋ ಕಾಲದಲ್ಲಿ ಅದೇ ಬೆಳಕನ್ನುಂಡ ಸಮುದ್ರದ ಸೂಕ್ಷ್ಮಜೀವಿಗಳು ಸತ್ತು ಹೂತು ಎಣ್ಣೆಯಾಗಿದ್ದು, ಆ ಎಣ್ಣೆ ಉರಿದು ಕರೆಂಟಾಗಿ ನಮ್ಮ ಎಸಿ ಓಡಿಸುವುದು, ಎಸಿಯು ಮನೆಯೊಳಗಿನ ಸೆಕೆಯನ್ನು ಹೊರಗಿನ ಸೆಕೆಗೇ ಒಪ್ಪಿಸುವುದು, ಎಲ್ಲ ಹೇಳಿದೆ. ಶಕ್ತಿ ನಾಶವಾಗುವುದಿಲ್ಲ ಮಾವ, ವೇಷ ಬದಲಿಸುತ್ತದೆ ಅಷ್ಟೇ, ಎಂದೆ. ದೋಸೆ ಆರುತ್ತಿದೆಯೆಂದು ಹೆಂಡತಿ ಎರಡು ಸಲ ಕರೆದಳು. ನಾನಾಗ ಇನ್ನೂ ಎಣ್ಣೆಯ ಹತ್ತಿರ ಇದ್ದೆ. ಅರ್ಧ ಗಂಟೆಯಾದ ಮೇಲೆ, ಕೆಂಪು ನಲ್ಲಿಯನ್ನು ಧೈರ್ಯವಾಗಿ ತಿರುಗಿಸಿ ಎಂದು ಅವರನ್ನು ಒಳಗೆ ಬಿಟ್ಟೆ.

ಒಳಗಿನಿಂದ ಒಂದೇ ಒಂದು "ಅಯ್ಯೋ" ಕೇಳಿಸಿತು. ಹೊರಬಂದ ಮಾವನ ಬಲಭುಜ ಕೆಂಪಾಗಿತ್ತು. ಹೆಂಡತಿ ತಂಪು ಬಟ್ಟೆಗಾಗಿ ಓಡಿದಳು. ಹೋಗುವಾಗ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಮಾವ ಸ್ವಿಚ್‌ಬೋರ್ಡನ್ನು ನಿಧಾನವಾಗಿ ಪರೀಕ್ಷಿಸಿದರು. ನನ್ನ ಅಂಗೈ ಲೈಟಿನ ಜೊತೆಗೆ ಪಕ್ಕದ ಗೀಸರನ್ನೂ ಹಾಕಿತ್ತು.

"ನೀವು ಹೇಳಿದ್ದೆಲ್ಲ ಸರಿ ಉಂಟು," ಎಂದರು. "ಆದರೆ ನೀವು ಹೇಳಿ ಮುಗಿಸುವಷ್ಟರಲ್ಲಿ ನೀರು ಕಾದಿದೆ."

ಐದೇ ನಿಮಿಷದಲ್ಲಿ ಮುಗಿಸಿದ್ದರೆ ಅವರಿಗೆ ತಣ್ಣೀರೇ ಸಿಗುತ್ತಿತ್ತು. ಇಡೀ ದಿನ ಆಫೀಸಿನಲ್ಲಿ ನಾಚಿಕೆಯಿಂದ ಕುಗ್ಗಿಹೋದೆ.

ಸಂಜೆ ಬಂದು ನೋಡಿದರೆ ಗೀಸರಿನ ಸ್ವಿಚ್ಚಿನ ಮೇಲೆ ಒಂದು ಚೀಟಿ ಅಂಟಿಕೊಂಡಿತ್ತು. ಕರಿಹಲಗೆಯ ಮೇಲೆ ಪಳಗಿದ ದುಂಡಕ್ಷರದಲ್ಲಿ, "ಅಳಿಯಂದಿರು ಮುಟ್ಟಬಾರದು." ನನ್ನ ಒಂಬತ್ತು ವರ್ಷದ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. "ಪಪ್ಪಾ, ವಾಟ್ ಡಸ್ ಇಟ್ ಸೇ?" ಎಂದು ಕೇಳಿದಳು. ನೀರು ಬಿಸಿ ಇದೆ, ಜಾಗ್ರತೆ ಅಂತ ಬರೆದಿದೆ ಮಗಾ, ಎಂದೆ. ಅವಳಿಗೆ ಅಕ್ಷರ ಕಲಿಸಲಿಲ್ಲವೆಂಬ ಬಹುದಿನದ ಕೊರಗು ಆ ಕ್ಷಣಕ್ಕೆ ಖಲಾಸ್ ಆಯಿತು.

ಸೋಫಾದಲ್ಲಿ ಕೂತಿದ್ದ ಮಾವ ಕನ್ನಡಕ ಸರಿಮಾಡಿಕೊಂಡು, ಮೊಮ್ಮಗಳಿಗೆ ನಾಳೆಯಿಂದ ತಾವೇ ಕನ್ನಡ ಓದಲು ಕಲಿಸುವುದಾಗಿ ಹೇಳಿದರು. ಮೊದಲ ಪಾಠಕ್ಕೆ ಪುಸ್ತಕ ತರುವುದು ಬೇಡವಂತೆ, ಆ ಚೀಟಿಯೇ ಸಾಕಂತೆ.