ನಾನು ತಲೆ ಹಾಕಿದ್ದು

ಗಣಿತದಲ್ಲಿ ಫೇಲಾದ ಮಗಳು ಊಟ ಬಿಟ್ಟು ಮೆಟ್ಟಿಲ ಮೇಲೆ ಅಳುತ್ತ ಕೂತಿದ್ದಳು. "ನಾನು ದಡ್ಡಿ, ಅಷ್ಟೇ," ಎಂಬುದೊಂದೇ ಮಾತು. ಹೆತ್ತ ತಂದೆ ಸುಮ್ಮನಿರಲು ಸಾಧ್ಯವೇ? (ಸಾಧ್ಯವಿತ್ತು, ಇರಬೇಕಿತ್ತು ಎನ್ನುತ್ತಾಳೆ ನನ್ನ ಹೆಂಡತಿ.)

ವಾರಪತ್ರಿಕೆಯೊಂದರಲ್ಲಿ ಆಗಷ್ಟೇ ಓದಿದ್ದೆ: ಬುದ್ಧಿಗೂ ನೆನಪಿಗೂ, ಬುದ್ಧಿಗೂ ಕೈಚುರುಕಿಗೂ, ಅಷ್ಟೇಕೆ, ಬುದ್ಧಿಗೂ ತಲೆಯ ಗಾತ್ರಕ್ಕೂ ಅಲ್ಪಸ್ವಲ್ಪ ಸಂಬಂಧವಿದೆಯಂತೆ. 'ಅಲ್ಪಸ್ವಲ್ಪ'ವನ್ನು ನಾನು ಹಾರಿಸಿ ಓದಿದೆ. ಯಾವ ಅಂಗಡಿಯ ಹೆಲ್ಮೆಟ್ಟೂ ಹಿಡಿಸದ ಮಹಾಮಸ್ತಕ ನನ್ನದು. ಮಗಳದೂ ಅದೇ ಅಚ್ಚು.

ಹೆಂಡತಿಯ ಹೊಲಿಗೆ ಟೇಪು ತಂದು ಇಬ್ಬರ ತಲೆಯನ್ನೂ ಅಳೆದೆ. "ನೋಡು, ಬೆರಳಿನಷ್ಟೂ ವ್ಯತ್ಯಾಸ ಇಲ್ಲ. ನೀನು ದಡ್ಡಿ ಆಗೋಕೆ ಸಾಧ್ಯಾನೇ ಇಲ್ಲ."

"ಕುಂಬಳಕಾಯಿ ಇನ್ನೂ ದೊಡ್ಡದಿರುತ್ತಪ್ಪ."

ಸರಿ, ಕೈಚುರುಕಾದರೂ ನೋಡೋಣವೆಂದು ಅವಳ ಬೆರಳುಗಳ ನಡುವೆ ಅಡಿಪಟ್ಟಿಯನ್ನು ಮೇಲಿನಿಂದ ಬಿಟ್ಟೆ. ತಟ್ಟನೆ ಹಿಡಿದಳು. ನನ್ನ ಸರದಿ ಬಂದಾಗ ಅದು ಬೆರಳ ಸಂದಿಯಿಂದ ನುಸುಳಿ, ಮೆಟ್ಟಿಲ ಪಕ್ಕದ ಕಂಬಿಗಳ ನಡುವೆ ತೂರಿ ಕೆಳಗೆ ಬಿತ್ತು. ಎಲ್ಲಿ ಬಿತ್ತೆಂದು ನೋಡಲು ಕಂಬಿಗಳ ನಡುವೆ ತಲೆ ತೂರಿಸಿ, ಹಾಗೇ ಮೊಣಕಾಲೂರಿ ಬಗ್ಗಿದೆ. ಪಟ್ಟಿ ಕಂಡಿತು. ತಲೆ ವಾಪಸು ಬರಲಿಲ್ಲ.

"ಎಲ್ಲದರಲ್ಲೂ ತಲೆ ಹಾಕಬೇಡಿ ಅಂತ ಮದುವೆಯಾದಾಗಿಂದ ಬಡ್ಕೋತಿದೀನಿ," ಎನ್ನುತ್ತ ಹೆಂಡತಿ ಅಡುಗೆಮನೆಯಿಂದ ಬಂದಳು. ಮಹಾಮಸ್ತಕಕ್ಕೆ ಎಣ್ಣೆಯ ಅಭಿಷೇಕವಾಯಿತು. ಪಕ್ಕದ ಮನೆಯವರು ಓಡಿಬಂದು ನನ್ನ ಸೊಂಟ ಹಿಡಿದು ಎಳೆದರು. ಸೊಂಟ ಬಂತು, ತಲೆ ಅಲ್ಲೇ ಉಳಿಯಿತು.

"ಕಂಬಿ ಕೊಯ್ಸಬೇಕು," ಎಂದರು ಅವರು.

"ಕಂಬಿ ಹೊಸದು," ಎಂದಳು ನನ್ನ ಹೆಂಡತಿ.

ಕಂಬಿ ಕೊಯ್ಯದಿದ್ದರೆ ಕೊಯ್ಯಲು ಉಳಿಯುವುದೇನೆಂದು ಯೋಚಿಸಿ ನನ್ನ ಕತ್ತು ಬೆವೆತಿತು.

"ಅಂಕಲ್, ಎಳೀಬೇಡಿ." ಮಗಳ ದನಿ. ಅಳು ನಿಂತಿತ್ತು. ಕಂಬಿಗಳನ್ನು ಬುಡದಿಂದ ತುದಿಯವರೆಗೆ ಕೈಯಾಡಿಸಿ ನೋಡುತ್ತಿದ್ದಳು. "ಮೇಲೆ ಬಳ್ಳಿ ಡಿಸೈನ್ ಇರೋ ಕಡೆ ಸಂದಿ ಅಗಲ. ಅಪ್ಪ ಅಲ್ಲಿ ತಲೆ ಹಾಕಿ ಆಮೇಲೆ ಬಗ್ಗಿದಾರೆ. ಈಗ ಬರಬೇಕಾಗಿರೋದು ಹಿಂದಕ್ಕಲ್ಲ, ಮೇಲಕ್ಕೆ. ಅಪ್ಪ, ನಿಧಾನಕ್ಕೆ ಎದ್ದು ನಿಂತ್ಕೊಳ್ಳಿ."

ಎದ್ದೆ. ತಲೆ ಎರಡೂ ಕಿವಿಗಳ ಸಮೇತ ಹೊರಬಂತು.

ಪಕ್ಕದ ಮನೆಯವರು ಅವಳ ಬೆನ್ನು ತಟ್ಟಿ ಹೋದರು. ಮಗಳು ತಾನೇ ತಟ್ಟೆ ಹಾಕಿಕೊಂಡು ಊಟಕ್ಕೆ ಕೂತಳು. "ಮುಂದಿನ ಸಲ ಗಣಿತ ಪಾಸಾಗ್ತೀನಿ ಅನ್ಸುತ್ತೆ," ಎಂದಳು.

ನನಗೆ ಎದೆ ತುಂಬಿ ಬಂತು. "ಅನುಮಾನಾನೇ ಬೇಡ. ನಾಳೆಯಿಂದ ಇನ್ನೂ ಒಂದು ಗಂಟೆ ಜಾಸ್ತಿ ಹೇಳಿಕೊಡ್ತೀನಿ."

ತಾಯಿ ಮಗಳು ಮುಖ ಮುಖ ನೋಡಿಕೊಂಡರು.

"ಅದೇ ಅಪ್ಪ," ಎಂದಳು ಮಗಳು, ನನಗೆ ನೋವಾಗದ ಹಾಗೆ. "ಈ ಸಲ ನಾನೊಬ್ಬಳೇ ಓದ್ಕೋತೀನಿ."

ಒಬ್ಬಳೇ ಓದಿದಳು, ಒಳ್ಳೆಯ ಅಂಕ ತೆಗೆದು ಪಾಸಾದಳು. ಈಗ ಕಚೇರಿಯ ಲೆಕ್ಕ ತಲೆಗೆ ಹತ್ತದಿದ್ದರೆ ನಾನು ಅವಳ ಬಳಿ ಹೋಗಿ ಕೂರುತ್ತೇನೆ. ತಾಳ್ಮೆಯಿಂದ ಹೇಳಿಕೊಡುತ್ತಾಳೆ, ಎರಡೆರಡು ಸಲ.