ಆರು ಸಾಲಿನ ಜಲಾಂತರ್ಗಾಮಿ

"ಅರಸೀಕೆರೆಗೆ ಸಮುದ್ರ ಯಾಕಿಲ್ಲ?"

ತ್ರಿಯಂಬಕ ಈ ಪ್ರಶ್ನೆಯನ್ನು ನನ್ನನ್ನು ಕೇಳಲಿಲ್ಲ, ತನ್ನ ಹೆಂಡತಿಯನ್ನೂ ಕೇಳಲಿಲ್ಲ. ನಡುಮನೆಯ ಫ್ಯಾನಿನ ಕಡೆ ನೋಡಿಕೊಂಡು ಕೇಳಿದ. ಫ್ಯಾನು ಸುಮ್ಮನೆ ತಿರುಗಿತು. ಉತ್ತರ ಬಂದದ್ದು ಅಡುಗೆಮನೆಯಿಂದ, ನನ್ನ ತಂಗಿ ಮಂಗಳೆಯದು.

"ನೀವು ಇಲ್ಲಿದ್ದೀರಲ್ಲ, ಅದಕ್ಕೇ ಅದು ದೂರ ಉಳಿದಿದೆ!"

ಇವನು ಹೀಗೆ ಗಾಳಿಗೆ ಪ್ರಶ್ನೆ ಎಸೆದನೆಂದರೆ ಹೊಸ ಯಂತ್ರ ಸಿದ್ಧವಾಗಿದೆ ಎಂದರ್ಥ. ತ್ರಿಯಂಬಕ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಆಮೇಲೆ ನನ್ನ ತಂಗಿಯ ಗಂಡನಾದವನು, ಮೂವತ್ತೈದು ವರ್ಷ ರೈಲ್ವೆ ಸಿಗ್ನಲ್ ರಿಪೇರಿ ಮಾಡಿ ನಿವೃತ್ತನಾದವನು. ಹೋದ ವರ್ಷ ದೇವರ ಮನೆಯಲ್ಲಿ ಸ್ವಯಂಚಾಲಿತ ಅಭಿಷೇಕದ ನಲ್ಲಿ ಕೂರಿಸಿದ. ಬಟನ್ ಒತ್ತಿದರೆ ಮೇಲಿನ ಟ್ಯಾಂಕಿನಿಂದ ಶಿವನ ತಲೆ ಮೇಲೆ ನೀರು! ಮೊದಲ ದಿನವೇ ಶಿವನ ಜೊತೆಗೆ ಪುರೋಹಿತರಿಗೂ ಅಭಿಷೇಕವಾಯಿತು.

ನನ್ನ ಮನೆ ಪಕ್ಕದ್ದೇ. ದಿನಾ ಬೆಳಿಗ್ಗೆ ತಂಗಿಯ ದೇವರ ಮನೆಗೆ ಬಂದು ಒಂದು ಗಂಟೆ ಕೂರುವುದು ನನ್ನ ಪದ್ಧತಿ. ಅಪ್ಪ ಗಮಕಿಗಳು. ಅವರು ರಾಗವಾಗಿ ಪದ್ಯ ಓದುತ್ತಿದ್ದರೆ ಊರೇ ಬಂದು ಕೂರುತ್ತಿತ್ತು. ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ. ಅರವತ್ತೆರಡು ವರ್ಷವಾಯಿತು, ಕೇಳಿದ್ದೇ ಬಂತು, ಒಂದು ಸಾಲನ್ನೂ ಬಾಯಿಬಿಟ್ಟು ಹಾಡಿದವನಲ್ಲ. ಅಪ್ಪ ಹೋದ ಮೇಲೆ ಉಳಿದದ್ದು ಒಂದಿಷ್ಟು ಕ್ಯಾಸೆಟ್ಟು ಮತ್ತು ಅವರ ಕೈಬರಹದ ಪದ್ಯದ ಪುಸ್ತಕ. ನೀಲಿ ಶಾಯಿಯಲ್ಲಿ ಪದ್ಯ, ಕೆಂಪು ಶಾಯಿಯಲ್ಲಿ ರಾಗದ ಗುರುತು. ಅದು ಆ ದೇವರ ಮನೆಯ ಕೆಳಗಿನ ಗೂಡಿನಲ್ಲಿ, ಮರದ ಪೆಟ್ಟಿಗೆಯಲ್ಲಿರುತ್ತದೆ. ನಾನು ಹೋಗುತ್ತೇನೆ, ಪುಸ್ತಕಕ್ಕೆ ನಮಸ್ಕಾರ ಮಾಡುತ್ತೇನೆ, ಕ್ಯಾಸೆಟ್ ಹಾಕಿ ಕೂರುತ್ತೇನೆ.

ಫ್ಯಾನಿಗೆ ಪ್ರಶ್ನೆ ಹಾಕಿದ ಆ ಭಾನುವಾರ, ಕ್ಯಾಸೆಟ್ ಹಾಕಿ ಕೂತಿದ್ದವನನ್ನು ತ್ರಿಯಂಬಕ ಎಬ್ಬಿಸಿ ನಡುಮನೆಗೆ ಎಳೆದುಕೊಂಡು ಬಂದ. ಅಪ್ಪನ ದನಿ ಒಳಗೆ ನಡೆದೇ ಇತ್ತು.

"ಭಾವ, ನೋಡು! ಪಾತಾಳಗಾಮಿ!"

ದೊಡ್ಡ ಟಿವಿಯ ಮೇಲೆ ನೀಲಿ ಸಮುದ್ರ, ಅದರಲ್ಲೊಂದು ಜಲಾಂತರ್ಗಾಮಿ. ಮುಂದೆ ಹಳೇ ಸಿಗ್ನಲ್ ಲಿವರ್, ಒಂದು ಕೆಂಪು ಚಕ್ರ, ನಾಲ್ಕು ಮೊಳ ವೈರು.

"ಇದು ಕಂಪ್ಯೂಟರ್ ಆಟ ಅಲ್ವೇನೋ?" ಎಂದೆ.

"ಬರೀ ಆಟ ಎಲ್ಲರೂ ಆಡ್ತಾರೆ! ನಾನು ಆಟಕ್ಕೆ ಮನೇನೇ ಜೋಡಿಸಿದ್ದೀನಿ. ನೌಕೆ ಮುಳುಗಿದರೆ ನಮ್ಮ ಸಂಪಿನ ಮೋಟರ್ ಓಡತ್ತೆ, ಟ್ಯಾಂಕ್ ತುಂಬತ್ತೆ. ನೌಕೆಗೆ ಪೆಟ್ಟು ಬಿದ್ದರೆ ಮನೇಲಿ ಕೆಂಪು ದೀಪ. ಮೂರನೇ ಕೋಣೆಗೆ ನೀರು ನುಗ್ಗಿದರೆ..."

"ನುಗ್ಗಿದರೆ?" ಮಂಗಳೆ ಸೌಟು ಹಿಡಿದು ಬಂದಳು.

"ನುಗ್ಗಲ್ಲ ಕಣೇ, ನಾನಿದ್ದೀನಲ್ಲ! ಚುಕ್ಕಾಣಿಗೆ ಕೈ ಕೂಡ ಬೇಡ, ಬಾಯಿ ಸಾಕು. ನಲವತ್ತೆಂಟು ದಿನ ಇದಕ್ಕೆ ಕನ್ನಡ ಕೇಳಿಸಿದ್ದೀನಿ. ನೋಡ್ತಿರಿ. ಪಾತಾಳಗಾಮಿ, ಮುಳುಗು!"

ನೌಕೆ ಮುಳುಗಿತು! ಹಿತ್ತಲಲ್ಲಿ ಮೋಟರ್ ಗುರ್ರೆಂದಿತು. ತ್ರಿಯಂಬಕ ಮೀಸೆಯ ಮೇಲೆ ಕೈಯಾಡಿಸಿದ. ನನಗೆ ಮಾತ್ರ ಏನೋ ಹೊಂದಲಿಲ್ಲ. ಅಪ್ಪನ ಕ್ಯಾಸೆಟ್ಟಿನಲ್ಲೂ ಅದೇ ಹೊತ್ತಿಗೆ ಸೋತ ಅರಸನೊಬ್ಬ ಕೊಳಕ್ಕೆ ಇಳಿಯುತ್ತಿದ್ದ. ಅಪ್ಪ ದನಿ ಎಳೆದಾಗ ನೌಕೆ ತೇಲಾಡಿತು, ನಿಲ್ಲಿಸಿದಾಗ ನಿಂತಿತು.

ಅಷ್ಟರಲ್ಲಿ ಒಳಗೆ ಟಕ್ ಎಂದಿತು. ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿದಿತ್ತು.

"ಎಡಕ್ಕೆ!" ಎಂದ ತ್ರಿಯಂಬಕ. ನೌಕೆ ನೆಟ್ಟಗೆ ಹೋಯಿತು. ಎದುರಿಗೆ ಬಂಡೆ.

"ಎಡಕ್ಕೆ ಅಂದೆ! ಲೆಫ್ಟ್! ಅಯ್ಯೋ ನಿಲ್ಲು! ಸ್ಟಾಪ್! ಡೇಂಜರ್!"

ಢಂ!

ಮನೆಯ ದೀಪಗಳೆಲ್ಲ ಕೆಂಪಾದವು. ನಮ್ಮ ಬೆನ್ನ ಹಿಂದೆ ದೇವರ ಮನೆಯ ತೇಗದ ಬಾಗಿಲು ತಾನೇ ಮುಚ್ಚಿಕೊಂಡು ಖಟ್ಟೆಂದು ಬೋಲ್ಟ್ ಬಿತ್ತು. ಒಳಗಿಂದ ಧೋ ಎಂಬ ಸದ್ದು.

"ಏನ್ರೀ ಅದು?"

"ನೌಕೆಯ ಮೂರನೇ ಕೋಣೆ ಅಂದರೆ ಇದೇ," ಎಂದ ತ್ರಿಯಂಬಕ, ಸಣ್ಣ ದನಿಯಲ್ಲಿ. "ಮನೇಲಿ ಕರೆಂಟಿನಲ್ಲಿ ತೆರೆಯೋ ನಲ್ಲಿ ಅಂತ ಇದ್ದದ್ದು ಅಭಿಷೇಕದ್ದೊಂದೇ, ಅದಕ್ಕೇ ಜೋಡಿಸಿದೆ..."

ನಾನು ಹೋಗಿ ಬಾಗಿಲು ತಳ್ಳಿದೆ, ಅಲುಗಲಿಲ್ಲ. ಕೆಳಗಿನ ಗೂಡು! ಅಪ್ಪನ ಪುಸ್ತಕ!

"ಮೇನ್ ಆಫ್ ಮಾಡ್ರೀ!" ಮಂಗಳೆ ಓಡಿದಳು.

"ಮಾಡಿದರೂ ಬ್ಯಾಟರಿ ಇದೆ! ಅದನ್ನೂ ಕಿತ್ತರೆ ಬಾಗಿಲು ತೆರೆಯಲ್ಲ, ನಲ್ಲಿ ಮುಚ್ಚಲ್ಲ. ರೈಲ್ವೆ ನಿಯಮ ಕಣೇ! ಏನು ಕೆಟ್ಟರೂ ಸಿಗ್ನಲ್ ಕೆಂಪಲ್ಲೇ ನಿಲ್ಲಬೇಕು. ಗಾಡಿ ಪೂರ್ತಿ ಸ್ಟೇಷನ್ನಿಗೆ ಬರೋವರೆಗೆ ಲೈನ್ ಬಿಡೋ ಹಾಗಿಲ್ಲ. ನೌಕೆ ಬಂದರು ಸೇರಿದರೆ ಎಲ್ಲ ತಾನಾಗೇ ಸರಿಹೋಗತ್ತೆ."

"ಟ್ಯಾಂಕಿನ ವಾಲ್ವ್ ಮುಚ್ಚಿ ಹಾಗಾದರೆ!"

ತ್ರಿಯಂಬಕ ಟಿವಿಯ ಮುಂದಿನ ಕೆಂಪು ಚಕ್ರವನ್ನು ನೋಡಿದ. ಮಂಗಳೆಯೂ ನೋಡಿದಳು.

"ಅದು ವಾಲ್ವಿನ ಹಿಡಿ ಅಲ್ವಾ?"

"ಚುಕ್ಕಾಣಿ ಥರ ಚೆನ್ನಾಗಿ ಕಾಣತ್ತೆ ಅಂತ... ಗಟ್ಟಿ ಗಮ್ ಹಾಕಿದೀನಿ. ಬರಲ್ಲ."

"ಅಣ್ಣನ ಮುಖ ನೋಡ್ರೀ! ಒಳಗೆ ಅಪ್ಪನ ಪುಸ್ತಕ ಇದೆ!"

ತ್ರಿಯಂಬಕನ ಮೀಸೆ ಇಳಿಯಿತು. ಪಾಪ, ಮಾವನೆಂದರೆ ಅವನಿಗೂ ಪ್ರಾಣ. ಟಿವಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೈಮುಗಿದ. "ಪಾತಾಳಗಾಮಿ, ಮೇಲೆ ಬಾರಮ್ಮ! ದಯವಿಟ್ಟು! ಮೇಲೆದ್ದು ಬನ್ನಿ ಮೇಡಂ!" ಅದು ಮರಳಿನಲ್ಲಿ ಬಿದ್ದ ಎಮ್ಮೆಯ ಹಾಗೆ ಬಿದ್ದೇ ಇತ್ತು. ದೇವರ ಮನೆಯ ಹೊಸ್ತಿಲಿನಿಂದ ನೀರು ಜಿನುಗತೊಡಗಿತು.

"ಅದಕ್ಕೆ ಕನ್ನಡ ಕೇಳಿಸಿದೆ ಅಂದೆಯಲ್ಲ," ಎಂದು ಕೇಳಿದೆ, "ಎಲ್ಲಿಟ್ಟು ಕೇಳಿಸಿದೆ?"

"ದೇವರ ಮನೇಲಿ. ಮನೇಲಿ ಜಗಳ ಕೇಳಿಸದ ಜಾಗ ಅದೊಂದೇ."

"ಯಾವ ಹೊತ್ತು?"

"ಬೆಳಿಗ್ಗೆ. ನೀನು ಬರ್ತೀಯಲ್ಲ, ಆಗ... ಅಯ್ಯೋ!"

ಅಯ್ಯೋ ಸರಿಯಾಗಿಯೇ ಇತ್ತು. ಒಂದು ಮಂಡಲ ಪೂರ್ತಿ ಆ ಯಂತ್ರ ಕೇಳಿದ್ದು ಅಪ್ಪನ ಪದ್ಯ! ರಾಗವಿಲ್ಲದ ಮಾತನ್ನು ಅದು ಮಾತೆಂದೇ ತಿಳಿದಿರಲಿಲ್ಲ.

"ಭಾವ, ನೀನೇ ಹಾಡಬೇಕು!"

"ನಾನೇ? ನಾನು ಕೇಳೋನು ಕಣಯ್ಯ. ಹಾಡೋನಲ್ಲ. ಪುಸ್ತಕವೂ ಒಳಗಿದೆ, ಕ್ಯಾಸೆಟ್ಟೂ ಒಳಗಿದೆ."

"ಅಣ್ಣ," ಎಂದಳು ಮಂಗಳೆ, "ಇಷ್ಟೊತ್ತಿಗೆ ನೀರು ಗೂಡಿಗೆ ಒಂದು ಗೇಣು ಇರಬೇಕು."

ಕಣ್ಣು ಮುಚ್ಚಿದೆ. ಮನಸ್ಸಿನಲ್ಲೇ ಅಪ್ಪನ ಪಾದಕ್ಕೆ ನಮಸ್ಕರಿಸಿದೆ. ಗಂಟಲಿನಿಂದ ಮೊದಲು ಬಂದದ್ದು ಬಾವಿ ರಾಟೆಯ ಸದ್ದು. ಟಿವಿಯಲ್ಲಿ ಒಂದು ಮೀನು ಗಾಬರಿಯಾಗಿ ಓಡಿತು. ಎರಡನೇ ಸಲ ಅಪ್ಪನ ರಾಗ ಬಂತು. ಎಲ್ಲಿತ್ತೋ, ಬಂತು. ಪದಗಳು ಅದರ ಹಿಂದೆಯೇ ಬಂದವು:

ಮೇಲಕೇಳೈ ನೌಕೆ ಕಡಲಿನ
ಪಾಲಿಗುಳಿಯದೆ ನೀರ ಕತ್ತಲ
ಜಾಲವನು ಹರಿದೆದ್ದು ಬಾರೈ ಮನೆಯ ಬಾಗಿಲಿಗೆ

ನೌಕೆ ಅಲುಗಿತು! ಮರಳು ಕೊಡವಿಕೊಂಡು ಎದ್ದಿತು! "ಬಂತು! ಬಂತು!" ತ್ರಿಯಂಬಕ ಕುಣಿದ. ಅರ್ಧ ದಾರಿ ಬಂದ ನೌಕೆ ಹಾಗೇ ನಿಂತುಬಿಟ್ಟಿತು.

"ಯಾಕೆ ನಿಂತಿತು?"

"ಷಟ್ಪದಿ," ಎಂದೆ. "ಆರು ಸಾಲು ಬೇಕು. ಮೂರೇ ಆಗಿದೆ."

"ಹಾಗಾದರೆ ಇನ್ನು ಮೂರು ಹಾಡು!"

"ಬರ್ತಿಲ್ಲ!"

ಹೊಸ್ತಿಲಿನ ನೀರು ಈಗ ಕಾಲುಬೆರಳಿಗೆ ಬಂದಿತ್ತು. ಅಡುಗೆಮನೆಯಿಂದ ಸುಂಯ್ ಎಂಬ ಸದ್ದು. ಮಂಗಳೆ ಒಮ್ಮೆ ಒಲೆಯ ಕಡೆ, ಒಮ್ಮೆ ಬಾಗಿಲಿನ ಕಡೆ ನೋಡಿದಳು. ಅವಳೂ ಅಪ್ಪನ ಮಗಳೇ ಅಲ್ಲವೆ! ಸೌಟು ಹಿಡಿದ ಕೈಯನ್ನು ಸೊಂಟಕ್ಕಿಟ್ಟು ನಿಂತು, ಅದೇ ರಾಗದಲ್ಲಿ ಎತ್ತಿಕೊಂಡಳು:

ಬಾಲ ಮುರಿದರೆ ಚಿಂತೆ ಬೇಡೈ
ಸಾಲು ತೆರೆಗಳ ಸರಿಸಿ ಮೆಲ್ಲನೆ
ಹಾಲು ಉಕ್ಕುವ ಮೊದಲೆ ಸೇರೈ ಹಡಗುಗಟ್ಟೆಯನು

ನೌಕೆ ಚಂಗನೆ ಮೇಲಕ್ಕೆ ಹಾರಿತು! ಮುರಿದ ಬಾಲ ಎಳೆದುಕೊಂಡು, ಅಲೆ ಸರಿಸಿಕೊಂಡು ಬಂದರಿನ ಕಡೆ ಓಡಿತು. ಕಟ್ಟೆಗೆ ತಾಗಿ ನಿಂತಿತು. ಟಿವಿಯಲ್ಲಿ ನಾವಿಕರು ಟೋಪಿ ಹಾರಿಸಿದರು. ಬಾಗಿಲು ಮಾತ್ರ ತೆರೆಯಲಿಲ್ಲ.

"ಇನ್ನೇನಂತೆ ಇದಕ್ಕೆ? ಗಾಡಿ ಪೂರ್ತಿ ಬಂದಾಯ್ತಲ್ಲ!" ತ್ರಿಯಂಬಕ ತಲೆ ಚಚ್ಚಿಕೊಂಡ.

ಈ ಸಲ ನಾನು ಯಾರನ್ನೂ ಕೇಳಬೇಕಾಗಲಿಲ್ಲ. ಅಪ್ಪ ಯಾವತ್ತೂ ಮಂಗಳ ಹಾಡದೆ ಓದು ಮುಗಿಸಿದವರಲ್ಲ. ನಾನು ಎತ್ತಿದೆ, ಮಂಗಳೆ ದನಿಗೂಡಿಸಿದಳು, ತ್ರಿಯಂಬಕ ಹಾಡದೆ ಬರೀ ಚಪ್ಪಾಳೆ ತಟ್ಟಿ ಉಪಕಾರ ಮಾಡಿದ. ಕೊನೆಯ ಅಕ್ಷರಕ್ಕೆ ಖಟ್ ಎಂದು ಬೋಲ್ಟ್ ಸರಿಯಿತು.

ಬಾಗಿಲು ತೆರೆದದ್ದೇ ನೀರು ಹೊರಗೆ ಧಾವಿಸಿ ಬಂತು. ಅದರ ಮೇಲೆ ಹೂವು, ಊದುಬತ್ತಿ, ಒಂದು ತೆಂಗಿನಕಾಯಿ. ಅವುಗಳ ಹಿಂದೆ ತೇಲುತ್ತಾ, ಯಾರ ಅಪ್ಪಣೆಗೂ ಕಾಯದೆ, ಅಪ್ಪನ ಮರದ ಪೆಟ್ಟಿಗೆ. ಬಂದು ನನ್ನ ಕಾಲಿಗೆ ತಾಗಿ ನಿಂತಿತು. ತೆರೆದು ನೋಡಿದೆ. ಪುಸ್ತಕ ಬೆಚ್ಚಗಿತ್ತು, ಒಂದು ಹಾಳೆಯೂ ನೆನೆದಿರಲಿಲ್ಲ! ಆ ಮನೆಯಲ್ಲಿ ಸರಿಯಾಗಿ ಕಟ್ಟಿದ ನೌಕೆ ಅದೊಂದೇ.

"ಹಾಲು!" ಎಂದು ಮಂಗಳೆ ಓಡಿದಳು. ಅದು ಉಕ್ಕಿಯಾಗಿತ್ತು.

ವೈರನ್ನೆಲ್ಲ ಕಿತ್ತರೂ ಪಾತಾಳಗಾಮಿ ಮನೆ ಬಿಟ್ಟು ಹೋಗಿಲ್ಲ. ಈಗ ಆ ಮನೆಯ ಮೋಟರ್ ಬಟನ್ನಿಗೆ ಬಗ್ಗುವುದಿಲ್ಲ. ಬೆಳಿಗ್ಗೆ ಆರಕ್ಕೆ ನಾನು ಸಂಪಿನ ಬಳಿ ನಿಂತು ಆರು ಸಾಲು ಹಾಡಬೇಕು, ಟ್ಯಾಂಕ್ ತುಂಬುತ್ತದೆ. ಹೇಳಿದ್ದನ್ನೇ ಹೇಳಿದರೆ ಅರ್ಧಕ್ಕೇ ನಿಲ್ಲಿಸುತ್ತದೆ, ದಿನಾ ಹೊಸದು ಬೇಕು! ಬೀದಿಯವರು ಬಿಂದಿಗೆ ಬದಲು ಚಾಪೆ ಹಿಡಿದು ಬರುತ್ತಿದ್ದಾರೆ. ನನಗೆ ಜ್ವರ ಬಂದ ದಿನ ತ್ರಿಯಂಬಕ ಹಾಡಲು ಹೋದ. ಎರಡನೇ ಸಾಲಿಗೆ ಯಂತ್ರ ಅಪಾಯವೆಂದು ಬಗೆದು ಬಚ್ಚಲಮನೆ, ಅಡುಗೆಮನೆ, ತಲೆಬಾಗಿಲು ಎಲ್ಲವನ್ನೂ ಮುಚ್ಚಿ ಕೆಂಪು ದೀಪ ಹಾಕಿತು. ಮಂಗಳೆ ಹಾಡಿ ಬಿಡಿಸಬೇಕಾಯಿತು.

ನಿನ್ನೆ ಪುಸ್ತಕಕ್ಕೆ ನಮಸ್ಕಾರ ಮಾಡಿ ಏಳುತ್ತಿದ್ದೆ. ತ್ರಿಯಂಬಕ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಹೊಸ ವೈರು, ಕಣ್ಣಲ್ಲಿ ಹಳೇ ಹೊಳಪು.

"ಭಾವ, ವಿಮಾನದ ಆಟ ಒಂದು ಬಂದಿದೆ. ಈ ಸಲ ಛಾವಣಿಗೆ ಜೋಡಿಸ್ತೀನಿ. ಮಾವನ ಕ್ಯಾಸೆಟ್ಟು ಒಂದೇ ಒಂದು ಕೊಡ್ತೀಯಾ? ನಲವತ್ತೆಂಟೇ ದಿನ."

ನನ್ನದು ಮಾತು ಕಡಿಮೆ. ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಎಂದವನಲ್ಲ.

"ಕೊಡಲ್ಲ," ಎಂದೆ. ಗದ್ಯದಲ್ಲೇ.