ಸಾಯೋದೇ ಕಸುಬಾದ ಅಂಕಲ್

ಅಮೆರಿಕದ ಕಲ್ವರ್ ಸಿಟಿಯಲ್ಲಿ ನಮ್ಮ ಪಕ್ಕದ ಮನೆ ಇಂಗ್ಲಿಷ್ ಅಂಕಲ್ ನಟರು. ಇಂಗ್ಲೆಂಡಿನಿಂದ ಬಂದವರು. ನಾಟಕ, ಸಿನಿಮಾ, ಸೀರಿಯಲ್, ಎಲ್ಲದರಲ್ಲೂ ಅವರಿಗೆ ಸಾಯೋ ಪಾತ್ರವೇ. ಬೇಲಿಯ ಈ ಕಡೆ ಇಂಗ್ಲಿಷ್ ಬಾರದ ನಮ್ಮತ್ತೆ, ನಡುವೆ ನಾನು. ಗೊಂದಲ ಆಗದೆ ಇನ್ನೇನಾಗುತ್ತೆ ಹೇಳಿ!

ಬೇಲಿ ಹತ್ತಿರ

ಕೋವಿಡ್ ಕಳೆದು ಶೂಟಿಂಗ್ ಮತ್ತೆ ಶುರುವಾಗಿದ್ದ ಹೊಸತು. ಒಂದು ಸಂಜೆ ಅಂಕಲ್ ಖುಷಿಯಲ್ಲಿ ಬಂದು, "ಇವತ್ತು ಎಷ್ಟು ಚೆನ್ನಾಗಿ ಸತ್ತೆ ಗೊತ್ತಾ!" ಅಂದರು.

"ಏನಂತೆ?" ಅಂದರು ಅತ್ತೆ. ನಾನೊಬ್ಬಳು ಪೆದ್ದಿ, ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟೆ.

"ಅಯ್ಯೋ ಶಿವನೇ! ಮುಸ್ಸಂಜೆ ಹೊತ್ತಲ್ಲಿ ಎಂಥ ಮಾತು! ಬಿಡ್ತು ಅನ್ನೋಕೆ ಹೇಳೇ!"

ಕೆಟ್ಟ ಮಾತು ಬಾಯಿಂದ ಬಂದರೆ ತಕ್ಷಣ ಬಿಡ್ತು ಅನ್ನಬೇಕು, ಆಗ ಅದು ನಿಜ ಆಗಲ್ಲ ಅಂತ ಅಂಕಲ್‌ಗೆ ಬಿಡಿಸಿ ಹೇಳಿದೆ. ಪಾಪ, ಅವರ ಆಸೆ ಒಂದೇ: ಯಾವುದಾದರೂ ಸೀರಿಯಲ್‌ನಲ್ಲಿ ಕೊನೇ ಎಪಿಸೋಡ್‌ವರೆಗೂ ಬದುಕಿರಬೇಕು, ಬಾಯ್ತುಂಬ ಮಾತಾಡಬೇಕು. "ಬಿಟ್ಟೂ" ಅಂದರು. ಆಮೇಲೆ ತಲೆ ಕೆರೆದುಕೊಂಡು, "ಆದರೆ ನಾನು ಸತ್ತರೆ ತಾನೇ ಸಂಬಳ?" ಅಂದರು.

ಸ್ಯಾನ್ ಡಿಯೇಗೋ ನಾಟಕ

ಥಿಯೇಟರ್‌ಗಳು ತೆರೆದ ಮೇಲೆ ಅಂಕಲ್ ನಾಟಕಕ್ಕೆ ಸ್ಯಾನ್ ಡಿಯೇಗೋಗೆ ಡ್ರೈವ್ ಮಾಡ್ಕೊಂಡು ಹೋದೆವು. ಅಂಕಲ್ ರಾಜ. ವಿಷ ಕುಡಿದರು, ಏನೋ ಗೋಳಾಡಿದರು, ದೊಪ್ಪಂತ ಬಿದ್ದರು. ಸಾಯೋದು ಯಾವ ಭಾಷೆಯಲ್ಲಾದರೂ ಗೊತ್ತಾಗುತ್ತಲ್ಲ! ಅತ್ತೆ ಎದ್ದು ನಿಂತು ಕೂಗಿದರು: "ಬಿಡ್ತು ಅನ್ರೀ!"

ರಾಜನ ಹೆಣ ಮಲಗಿದಲ್ಲೇ ವಿಧೇಯವಾಗಿ "ಬಿಟ್ಟೂ" ಅಂತು. ಅಳುತ್ತಿದ್ದ ರಾಣಿ ಬೆಚ್ಚಿಬಿದ್ದಳು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಪಕ್ಕದ ಸೀಟಿನ ಹೆಂಗಸು ಮೆಲ್ಲಗೆ, "ಅದು ಲ್ಯಾಟಿನ್ನಾ?" ಅಂತ ಕೇಳಿದಳು.

"ಹೂಂ," ಅಂದುಬಿಟ್ಟೆ.

ದೊಡ್ಡ ಸೀರಿಯಲ್

ಕಡೆಗೂ ಅಂಕಲ್‌ಗೆ ದೊಡ್ಡ ಸೀರಿಯಲ್ ಸಿಕ್ಕಿತು. ಆದರೆ ಮೊದಲ ಸೀಸನ್‌ನಲ್ಲೇ ಗುಂಡೇಟು. ಶೂಟಿಂಗ್ ದಿನ ಗುಂಡು ತಿಂದು, ಎರಡು ಸಾಲು ಮಾತಾಡಿ, ಕಣ್ಣು ಮುಚ್ಚುವಾಗ ಅಭ್ಯಾಸಬಲದಿಂದ "ಬಿಟ್ಟೂ" ಅಂದರಂತೆ. ಡೈರೆಕ್ಟರ್ ಕಕ್ಕಾಬಿಕ್ಕಿ. ಅರ್ಥ ಕೇಳೋಕೆ ನನಗೇ ಫೋನ್ ಹಚ್ಚಿಸಿದರು.

"ಹೇಳಿದ್ದು ಕ್ಯಾನ್ಸಲ್ ಅಂತ," ಅಂದೆ.

"ಯಾವುದು ಕ್ಯಾನ್ಸಲ್? ಸಾವಾ?"

"ಹೌದು... ಸಾವೇ."

ಆ ಕಡೆ ಫೋನ್ ಇಟ್ಟೇಬಿಟ್ಟರು. ಅಂಕಲ್ ಕೆಲಸ ನನ್ನಿಂದಲೇ ಹೋಯ್ತು ಅಂದುಕೊಂಡೆ.

ಮುಂದಿನ ವಾರ ಅಂಕಲ್ ನಮ್ಮನೆಗೇ ಬಂದರು. ಡೈರೆಕ್ಟರ್‌ಗೆ ಐಡಿಯಾ ಹಿಡಿಸಿಬಿಟ್ಟಿದೆಯಂತೆ, ಪಾತ್ರವನ್ನು ಸಾಯಿಸಲ್ಲವಂತೆ, ಮುಂದಿನ ಸೀಸನ್‌ನ ಕೊನೇ ಎಪಿಸೋಡ್‌ವರೆಗೂ ಅಂಕಲ್ ಇರ್ತಾರಂತೆ! ಅತ್ತೆ ಸಡಗರದಿಂದ ಕೇಸರಿಬಾತ್ ತಂದಿಟ್ಟರು. ಅಂಕಲ್ ಮುಖ ಮಾತ್ರ ಜೋತುಬಿದ್ದಿತ್ತು.

"ಯಾಕೆ ಅಂಕಲ್? ಆಸೆ ಈಡೇರಿತಲ್ಲ!"

"ಈಡೇರಿತಮ್ಮ. ಇಡೀ ಸೀಸನ್ ಕೋಮಾದಲ್ಲಿ ಮಲಗಿರ್ತೀನಿ. ಸಾಯೋ ಪಾತ್ರಕ್ಕೆ ಎರಡು ಸಾಲು ಮಾತಾದರೂ ಇರ್ತಿತ್ತು!"